ಮಾಸನ್ನು ಮಾತ್ರೆ ಮಾಡಿ ನುಂಗುವುದರ ಬಗ್ಗೆ

(ಮೈಸೂರಿನಲ್ಲಿ ಹೆಣ್ಣುಮಕ್ಕಳ ಒಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಓಟವನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ವಿಷಯ ಕೇಳಿದ ಕೂಡಲೇ ಕೆಲವರು ಮುಖ ಕಿವುಚಿದ್ದು ಕಾಣಿಸಿತು. ಪರವಾಗಿಲ್ಲ. ಹೆರಿಗೆ ಆದ ಮೇಲೆ ಬೀಳುವ ಮಾಸನ್ನು ಹೆತ್ತವಳೇ ತಿನ್ನುವುದು, ಇಲ್ಲವೇ ಒಣಗಿಸಿ ಪುಡಿ ಮಾಡಿ ಕ್ಯಾಪ್ಸೂಲ್‌ಗೆ ತುಂಬಿಸಿಕೊಂಡು ನುಂಗುವುದು. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ, ಆಸ್ಟ್ರೇಲಿಯಾದಲ್ಲಿ ಇದನ್ನು ಮಾಡುವವರಿದ್ದಾರೆ. ಟಿವಿ ತಾರೆ ಕಿಮ್ ಕಾರ್ಡಾಶಿಯನ್, ನಟಿ ಜನವರಿ ಜೋನ್ಸ್ ತರಹದವರು ತಾವು ತೆಗೆದುಕೊಂಡೆವು ಅಂತ ಬಹಿರಂಗವಾಗಿ ಹೇಳಿದ ಮೇಲೆ ಸುದ್ದಿ ಇನ್ನೂ ಹರಡಿತು. ನಮ್ಮ ಎಷ್ಟೋ ಹೆಣ್ಣುಮಕ್ಕಳು ಆ ದೇಶಗಳಲ್ಲೇ ಬಸಿರಾಗಿ, ಅಲ್ಲೇ ಹೆರುತ್ತಾರೆ. ಅವರಿಗೂ ಈ ಸಲಹೆ ಬರುತ್ತದೆ. ನನಗೆ ಫೋನ್ ಮಾಡಿ, ‘ಡಾಕ್ಟ್ರೇ, ಇದನ್ನ ತಗೊಂಡ್ರೆ ಹಾಲು ಜಾಸ್ತಿ ಬರುತ್ತಂತೆ, ಮನಸ್ಸು ಕುಗ್ಗೋದಿಲ್ಲವಂತೆ, ಹೌದಾ?’ ಅಂತ ಕೇಳುತ್ತಾರೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬೇಡ. ಆದರೆ ಕೇಳಿದ ಹುಡುಗಿಯನ್ನು ನೋಡಿ ನಗಬೇಡಿ, ಅಸಹ್ಯ ಪಡಬೇಡಿ. ಅವಳು ಯಾಕೆ ಕೇಳುತ್ತಿದ್ದಾಳೆ ಅನ್ನುವುದು ನನಗೆ ಮಾಸಿಗಿಂತ ದೊಡ್ಡ ವಿಷಯ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಮಾಸನ್ನೇ ನೋಡೋಣ. ಹೆತ್ತವರಲ್ಲೇ ಹೆಚ್ಚಿನವರು ಇದನ್ನು ನೋಡಿರುವುದಿಲ್ಲ. ಮಗು ಹುಟ್ಟಿದ ಮೇಲೆ ಸಾಮಾನ್ಯವಾಗಿ ಅರ್ಧ ಗಂಟೆಯ ಒಳಗೆ ಮಾಸು ಬೀಳುತ್ತದೆ. ಅದನ್ನು ಟ್ರೇ ಮೇಲೆ ಹರಡಿ, ಎರಡೂ ಕಡೆ ತಿರುಗಿಸಿ ನೋಡುವುದು ನಮ್ಮ ಕೆಲಸ. ಸುಮಾರು ಅರ್ಧ ಕಿಲೋ ತೂಕ. 20–22 ಸೆಂಟಿಮೀಟರ್ ಅಗಲ, ಎರಡೂವರೆ ಸೆಂಟಿಮೀಟರ್ ದಪ್ಪ. ಮಗುವಿನ ಕಡೆಯ ಮುಖ ನುಣುಪಾಗಿ ಹೊಳೆಯುತ್ತದೆ. ಹೊಕ್ಕುಳ ಬಳ್ಳಿ ಅಂಟಿಕೊಂಡ ಜಾಗದಿಂದ ನೀಲಿ ರಕ್ತನಾಳಗಳು ಮರದ ಕೊಂಬೆಗಳ ಹಾಗೆ ಕವಲೊಡೆದು ಅಂಚಿನವರೆಗೂ ಹರಡಿರುತ್ತವೆ. ಗರ್ಭಕೋಶಕ್ಕೆ ಅಂಟಿಕೊಂಡಿದ್ದ ಇನ್ನೊಂದು ಮುಖ ಕಡುಕೆಂಪು, ಒರಟು. ಅದರ ಮೇಲೆ ಹದಿನೈದು ಇಪ್ಪತ್ತು ಉಬ್ಬುಗಳಿರುತ್ತವೆ. ಆ ಉಬ್ಬುಗಳನ್ನು ಒಂದಕ್ಕೊಂದು ಜೋಡಿಸಿ, ಎಲ್ಲಾದರೂ ಖಾಲಿ ಜಾಗ ಇದೆಯಾ ಅಂತ ಬೆರಳಾಡಿಸಿ ನೋಡುತ್ತೇವೆ. ಒಂದು ತುಂಡು ಒಳಗೆ ಉಳಿದರೂ ರಕ್ತಸ್ರಾವ ನಿಲ್ಲುವುದಿಲ್ಲ, ಸೋಂಕು ಹತ್ತುತ್ತದೆ. ಹೊಕ್ಕುಳ ಬಳ್ಳಿಯನ್ನು ಕತ್ತರಿಸಿದ ಜಾಗದಲ್ಲಿ ಮೂರು ತೂತು ಕಾಣಬೇಕು, ಎರಡು ಅಪಧಮನಿ, ಒಂದು ಅಭಿಧಮನಿ. ಇಷ್ಟೆಲ್ಲ ನೋಡಿ ಆದ ಮೇಲೆ ಅದು ಹಳದಿ ಚೀಲಕ್ಕೆ ಹೋಗುತ್ತದೆ. ನಮ್ಮ ದೇಶದ 2016ರ ನಿಯಮದ ಪ್ರಕಾರ ಅದನ್ನು ಸುಡಬೇಕು, ಇಲ್ಲವೇ ಆಳವಾಗಿ ಹೂಳಬೇಕು.

ಒಂಬತ್ತು ತಿಂಗಳು ಮಗುವಿಗೆ ಉಸಿರು, ಅನ್ನ, ನೀರು ಎಲ್ಲವೂ ಇದರ ಮೂಲಕವೇ. ಮಗುವಿನ ಕಸ ಹೊರಗೆ ಹೋಗುವುದೂ ಇದರ ಮೂಲಕವೇ. ಜೊತೆಗೆ ಇದು ಹಾರ್ಮೋನುಗಳನ್ನು ತಯಾರಿಸುತ್ತದೆ. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಅನ್ನುವ ಎರಡು ಹೆಸರನ್ನು ನೆನಪಿಟ್ಟುಕೊಳ್ಳಿ. ಮಾಸಿನ ಮಾತ್ರೆ ಮಾರುವವರ ಮಾತೆಲ್ಲ ಬರುವುದು ಇಲ್ಲಿಂದಲೇ. ಹಾರ್ಮೋನು ಇದೆ, ಕಬ್ಬಿಣಾಂಶ ಇದೆ, ಇಷ್ಟೊಂದು ಒಳ್ಳೆಯದನ್ನು ಯಾಕೆ ಎಸೆಯುತ್ತೀರಿ ಅನ್ನುತ್ತಾರೆ.

ಹಾಲಿನ ವಿಷಯದಲ್ಲಿ ಈ ವಾದ ಪೂರ್ತಿ ತಲೆಕೆಳಗು. ಬಸಿರಿನ ಕೊನೆಯ ತಿಂಗಳುಗಳಲ್ಲೇ ಎದೆ ಹಾಲು ಕೊಡುವುದಕ್ಕೆ ಸಿದ್ಧವಾಗಿರುತ್ತದೆ. ಆದರೂ ಹಾಲು ಧಾರಾಳವಾಗಿ ಬರುವುದಿಲ್ಲ. ಯಾಕೆ? ಮಾಸಿನ ಪ್ರೊಜೆಸ್ಟರಾನ್ ಅದನ್ನು ತಡೆದು ನಿಲ್ಲಿಸಿರುತ್ತದೆ. ಮಾಸು ಬಿದ್ದ ಮೇಲೆ ಪ್ರೊಜೆಸ್ಟರಾನ್ ಒಮ್ಮೆಲೇ ಕುಸಿಯುತ್ತದೆ. ಎರಡು ಮೂರು ದಿನದಲ್ಲಿ ಹಾಲು ಧಾರಾಳವಾಗಿ ಬರತೊಡಗುತ್ತದೆ. ಮಾಸಿನ ತುಂಡು ಒಳಗೆ ಉಳಿದುಬಿಟ್ಟ ಬಾಣಂತಿಗೆ ಹಾಲು ತಡವಾಗುವುದು ಇದೇ ಕಾರಣಕ್ಕೆ. ಅಂದರೆ ಮಾಸು ಹೋಗಿದ್ದಕ್ಕೇ ಹಾಲು ಬಂದದ್ದು. ಹೋದದ್ದನ್ನು ಪುಡಿ ಮಾಡಿ ಮತ್ತೆ ಹೊಟ್ಟೆಗೆ ಹಾಕಿದರೆ ಹಾಲು ಹೆಚ್ಚುತ್ತದೆ ಅನ್ನುವುದಕ್ಕೆ ದೇಹದ ಲೆಕ್ಕದಲ್ಲಿ ಆಧಾರವೇ ಇಲ್ಲ. 1954ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ 210 ಬಾಣಂತಿಯರಿಗೆ ಒಣಗಿಸಿದ ಮಾಸು ಕೊಟ್ಟು, ಅವರಲ್ಲಿ ನೂರಕ್ಕೆ 86 ಜನಕ್ಕೆ ಹಾಲು ಚೆನ್ನಾಗಿ ಬಂತು ಅಂತ ಬರೆದರು. ಇವತ್ತಿಗೂ ಮಾರುವವರು ಅದನ್ನೇ ತೋರಿಸುತ್ತಾರೆ. ಆದರೆ ಹೆರಿಗೆಯಾದ ಮೊದಲ ವಾರದಲ್ಲಿ ಹೆಚ್ಚಿನವರಿಗೆ ಹಾಲು ತಾನಾಗಿಯೇ ಏರುತ್ತದೆ ಅಲ್ವಾ? ಹೋಲಿಸಿ ನೋಡುವುದಕ್ಕೆ ಆ ಅಧ್ಯಯನದಲ್ಲಿದ್ದವರು ಬರೀ 27 ಜನ. ಇವತ್ತಿನ ಅಳತೆಯಲ್ಲಿ ಅದು ನಿಲ್ಲುವುದಿಲ್ಲ.

ಇನ್ನೊಂದು ವಾದ ಇದೆ. ಎಲ್ಲ ಪ್ರಾಣಿಗಳೂ ತಿನ್ನುತ್ತವೆ, ಮನುಷ್ಯ ಮಾತ್ರ ಮರೆತಿದ್ದಾನೆ ಅಂತ. ಮೊದಲ ಅರ್ಧ ಬಹುಮಟ್ಟಿಗೆ ನಿಜ. ಬೆಕ್ಕು, ನಾಯಿ, ಇಲಿ, ಚಿಂಪಾಂಜಿ ತಿನ್ನುತ್ತವೆ. ಹುಲ್ಲು ಮೇಯುವ ಹಸುವೂ ತಿನ್ನುತ್ತದೆ. ತಿಮಿಂಗಿಲ, ಸೀಲ್, ಒಂಟೆ ತಿನ್ನುವುದಿಲ್ಲ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಟಲ್ ಎಂಬ ವಿಜ್ಞಾನಿ ಹಲವು ದಶಕ ಇದನ್ನೇ ಅಧ್ಯಯನ ಮಾಡಿದರು. ಹೆರುವ ಇಲಿಯ ದೇಹ ತಾನೇ ಉತ್ಪಾದಿಸುವ ನೋವು ನಿವಾರಕಕ್ಕೆ ಮಾಸು ಮತ್ತು ಗರ್ಭದಲ್ಲಿ ಮರಿಯ ಸುತ್ತ ಇರುವ ನೀರು ಬಲ ಕೊಡುತ್ತವೆ ಅಂತ ತೋರಿಸಿಕೊಟ್ಟರು. ಗಮನಿಸಿ, ಆ ಕೆಲಸ ನಡೆಯುವುದು ಹೆರಿಗೆಯ ಹೊತ್ತಿನಲ್ಲಿ, ಹಸಿಯಾಗಿ ತಿಂದಾಗ. ಹೆರಿಗೆಯಾಗಿ ನಾಲ್ಕು ದಿನದ ಮೇಲೆ ಬೇಯಿಸಿ ಒಣಗಿಸಿದ ಪುಡಿಗೆ ಅದನ್ನು ಅಂಟಿಸುವುದು ಹೇಗೆ? ಮನುಷ್ಯರು ಯಾಕೆ ತಿನ್ನುವುದಿಲ್ಲ ಅನ್ನುವುದು ಕ್ರಿಸ್ಟಲ್ ಅವರಿಗೂ ಕುತೂಹಲದ ಪ್ರಶ್ನೆಯೇ ಆಗಿತ್ತು.

ಹಸುವಿನ ಮಾತು ಬಂತಲ್ಲ, ಇಲ್ಲಿ ಹಳ್ಳಿಯಿಂದ ಬಂದವರಿಗೆ ಇದು ಗೊತ್ತಿರುತ್ತದೆ. ಹಸು ಈದ ಮೇಲೆ ಮಾಸು ಬೀಳುವ ತನಕ ಕೊಟ್ಟಿಗೆಯಲ್ಲಿ ಯಾರಾದರೂ ಒಬ್ಬರು ಕಾಯುತ್ತಾರೆ. ಹಸು ತಿಂದುಬಿಟ್ಟರೆ ಹಾಲು ಕಡಿಮೆಯಾಗುತ್ತದೆ ಅನ್ನುವ ನಂಬಿಕೆ. ಬಿದ್ದ ಕೂಡಲೇ ಹುಲ್ಲಿನಲ್ಲಿ ಸುತ್ತಿಯೋ ಚೀಲಕ್ಕೆ ತುಂಬಿಯೋ ಒಯ್ದು ಆಲದ ಮರಕ್ಕೆ ಕಟ್ಟುತ್ತಾರೆ. ಹಾಲು ಸುರಿಯುವ ಮರ, ಹಸುವೂ ಹಾಗೇ ಹಾಲು ಕೊಡಲಿ ಅಂತ. ಇವತ್ತಿಗೂ ಎಷ್ಟೋ ಊರಿನ ಆಲದ ಮರದಲ್ಲಿ ಇಂಥ ಗಂಟುಗಳು ತೂಗುತ್ತಿರುತ್ತವೆ. ಹಾಲು ಹೆಚ್ಚುವುದಕ್ಕೆ ಮಾಸು ತಿನ್ನಬೇಕು ಅಂತ ಅಲ್ಲಿಯವರು, ತಿನ್ನಬಾರದು ಅಂತ ನಮ್ಮವರು. ಇದು ವಿಜ್ಞಾನ ಅಂತ ನಾನು ಹೇಳುತ್ತಿಲ್ಲ. ‘ಹಳೆಯ ಕಾಲದವರಿಗೆ ಗೊತ್ತಿತ್ತು’ ಅಂತ ಯಾರಾದರೂ ಹೇಳಿದರೆ, ಯಾವ ಊರಿನ ಹಳೆಯ ಕಾಲದವರು ಅಂತ ಕೇಳಿ ಅಷ್ಟೆ.

ಮನುಷ್ಯರ ಮಾಸಿನ ವಿಷಯಕ್ಕೆ ಬಂದರೆ, ನಮ್ಮ ಸೂಲಗಿತ್ತಿಯರು ಅದನ್ನು ಹಿತ್ತಲಿನಲ್ಲಿ ನಾಯಿ ಕೆದಕದ ಹಾಗೆ ಆಳವಾಗಿ ಹೂಳಿಸುತ್ತಿದ್ದರು. ಹವಾಯಿ ದ್ವೀಪದ ಮೂಲ ನಿವಾಸಿಗಳೂ ಹೂಳುತ್ತಿದ್ದರು, ನ್ಯೂಜಿಲೆಂಡಿನ ಮಾವೊರಿಗಳೂ ಹೂಳುತ್ತಾರೆ. 2006ರಲ್ಲಿ ಹವಾಯಿ ರಾಜ್ಯ ಮಾಸನ್ನು ಮನೆಗೆ ಒಯ್ಯಲು ತಾಯಿಗೆ ಅವಕಾಶ ಕೊಡುವ ಕಾನೂನು ಮಾಡಿದ್ದು ಆ ಹೂಳುವ ಪದ್ಧತಿಗೆ ಮರ್ಯಾದೆ ಕೊಡುವುದಕ್ಕೆ. 2010ರಲ್ಲಿ ನೆವಾಡಾ ವಿಶ್ವವಿದ್ಯಾಲಯದ ಶರಾನ್ ಯಂಗ್ ಮತ್ತು ಡೇನಿಯಲ್ ಬೆನಿಶೆಕ್ 179 ಸಮಾಜಗಳ ದಾಖಲೆಗಳನ್ನು ಜಾಲಾಡಿದರು. ಹೂಳುವುದು, ಸುಡುವುದು, ಮರಕ್ಕೆ ಕಟ್ಟುವುದು ಎಲ್ಲ ಸಿಕ್ಕಿತು. ಹೆತ್ತವಳು ತನ್ನ ಮಾಸನ್ನು ತಾನೇ ತಿನ್ನುವ ರೂಢಿ ಒಂದು ಸಮಾಜದಲ್ಲೂ ಸಿಗಲಿಲ್ಲ.

‘ಚೀನಾದಲ್ಲಿ ಸಾವಿರಾರು ವರ್ಷದಿಂದ ಇದೆಯಲ್ಲ’ ಅನ್ನುತ್ತಾರೆ. ಚೀನೀ ವೈದ್ಯದಲ್ಲಿ ಒಣಗಿಸಿದ ಮಾಸು ಇದ್ದದ್ದು ನಿಜ. ಜಿಹೆಚೆ ಅಂತ ಅದರ ಹೆಸರು. 16ನೇ ಶತಮಾನದಲ್ಲಿ ಲಿ ಶಿಜೆನ್ ಬರೆದ ಔಷಧ ಗ್ರಂಥದಲ್ಲೂ ಅದರ ಮಾತಿದೆ. ಆದರೆ ಅದನ್ನು ಕೊಡುತ್ತಿದ್ದದ್ದು ನಿಶ್ಶಕ್ತಿಗೆ, ದಮ್ಮಿಗೆ, ಗಂಡಸರ ದೌರ್ಬಲ್ಯಕ್ಕೆ. ಮಾಸು ಒಬ್ಬಳದು, ತಿನ್ನುವವರು ಬೇರೆಯವರು. ಹೆತ್ತವಳು ತನ್ನದನ್ನೇ ನುಂಗುವ ಪದ್ಧತಿಗೂ ಇದಕ್ಕೂ ಬಹಳ ದೂರ. ಆ ಔಷಧವನ್ನೂ ಚೀನಾ 2015ರ ತನ್ನ ಅಧಿಕೃತ ಔಷಧ ಪಟ್ಟಿಯಿಂದ ಕೈಬಿಟ್ಟಿದೆ. ತಾಯಿ ತನ್ನ ಮಾಸನ್ನು ತಿನ್ನುವುದು ಕಾಣಿಸಿಕೊಂಡದ್ದು 1970ರ ದಶಕದ ಅಮೆರಿಕದಲ್ಲಿ. ಆಸ್ಪತ್ರೆಯ ಹೆರಿಗೆಗೆ ಬೇಸತ್ತು ಮನೆಯಲ್ಲೇ ಹೆರುತ್ತೇವೆ ಅಂತ ಹೊರಟವರ ನಡುವೆ. ಇದಕ್ಕೆ ಐವತ್ತು ಚಿಲ್ಲರೆ ವರ್ಷದ ವಯಸ್ಸು, ಅಷ್ಟೆ.

ಈಗ ಮಾತ್ರೆ ಮಾಡುವುದು ಹೇಗೆ ನೋಡಿ. ಆಸ್ಪತ್ರೆಯಿಂದ ಮಾಸನ್ನು ಐಸ್ ಡಬ್ಬಿಯಲ್ಲಿ ತರುತ್ತಾರೆ. ತೊಳೆಯುತ್ತಾರೆ. ಕೆಲವರು ಶುಂಠಿ, ನಿಂಬೆಹಣ್ಣಿನ ಜೊತೆ ಹಬೆಯಲ್ಲಿ ಬೇಯಿಸುತ್ತಾರೆ. ಕೆಲವರು ಬೇಯಿಸುವುದೂ ಇಲ್ಲ. ತೆಳ್ಳಗೆ ಹೆಚ್ಚಿ, ಒಣಗಿಸುವ ಯಂತ್ರದಲ್ಲಿಟ್ಟು, ಪುಡಿ ಮಾಡಿ, ಕ್ಯಾಪ್ಸೂಲ್ ತುಂಬಿಸುತ್ತಾರೆ. ನೂರಕ್ಕೂ ಜಾಸ್ತಿ ಮಾತ್ರೆ ಆಗುತ್ತವೆ. ಇದಕ್ಕೆ ಅಲ್ಲಿ ಕೆಲವು ನೂರು ಡಾಲರ್ ಖರ್ಚು. ಎಷ್ಟು ಬಿಸಿ, ಎಷ್ಟು ಹೊತ್ತು ಅಂತ ಕಟ್ಟಿಹಾಕುವ ಸರ್ಕಾರಿ ಮಾನದಂಡ ಅಮೆರಿಕದಲ್ಲಿ ಇಲ್ಲ.

ಇದರಿಂದ ಏನಾಯಿತು ಅನ್ನುವುದಕ್ಕೆ ಒಂದು ಪ್ರಕರಣ ಹೇಳುತ್ತೇನೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2017ರ ಜೂನ್‌ನಲ್ಲಿ ಇದನ್ನು ಪ್ರಕಟಿಸಿತು. 2016ರ ಸೆಪ್ಟೆಂಬರ್‌ನಲ್ಲಿ ಒರೆಗಾನ್ ರಾಜ್ಯದಲ್ಲಿ ಒಂದು ಮಗು ಹುಟ್ಟಿತು. ಹುಟ್ಟಿದ ಸ್ವಲ್ಪ ಹೊತ್ತಿಗೇ ಉಸಿರಾಟಕ್ಕೆ ಕಷ್ಟವಾಯಿತು. ರಕ್ತದಲ್ಲಿ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ. ಹನ್ನೊಂದು ದಿನ ಆಂಟಿಬಯಾಟಿಕ್ ಕೊಟ್ಟು, ವಾಸಿ ಮಾಡಿ ಮನೆಗೆ ಕಳಿಸಿದರು. ಐದೇ ದಿನಕ್ಕೆ ಮಗು ಮತ್ತೆ ಆಸ್ಪತ್ರೆಗೆ ಬಂತು. ಅದೇ ಬ್ಯಾಕ್ಟೀರಿಯಾ. ತಾಯಿಯ ಹಾಲು ಪರೀಕ್ಷಿಸಿದರು, ಅದರಲ್ಲಿ ಇರಲಿಲ್ಲ. ಆಮೇಲೆ ಗೊತ್ತಾಯಿತು, ಹೆರಿಗೆಯಾದ ಮೂರನೇ ದಿನದಿಂದ ಅವಳು ದಿನಕ್ಕೆ ಮೂರು ಸಲ ಎರಡೆರಡು ಮಾಸಿನ ಮಾತ್ರೆ ನುಂಗುತ್ತಿದ್ದಳು. ಆ ಮಾತ್ರೆಯಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಮನೆಯಲ್ಲಿ ಬೇರೆಯವರಿಂದಲೂ ಬಂದಿರಬಹುದು ಅಂತ ವರದಿ ಪ್ರಾಮಾಣಿಕವಾಗಿ ಬರೆದಿದೆ. ಆದರೂ ಈ ಮಾತ್ರೆ ಬೇಡ ಅಂತಲೇ ಅದರ ಸಲಹೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಪ್ರಕರಣವೇ. ಮಗುವಿಗೆ ಒಳ್ಳೆಯದಾಗಲಿ ಅಂತಲೇ ನುಂಗಿದ ತಾಯಿ ಅವಳು.

ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕದಲ್ಲಿ ಮನೆಯಲ್ಲೋ ಹೆರಿಗೆ ಕೇಂದ್ರದಲ್ಲೋ ಹೆರುತ್ತೇವೆ ಅಂತ ಹೊರಟವರ 23,242 ಹೆರಿಗೆಗಳ ದಾಖಲೆ ನೋಡಿದರು. ಅವರಲ್ಲಿ ಸುಮಾರು ನೂರಕ್ಕೆ 31 ಜನ ಮಾಸನ್ನು ಯಾವುದೋ ರೂಪದಲ್ಲಿ ತೆಗೆದುಕೊಂಡಿದ್ದರು. ಅವರ ಮಕ್ಕಳಿಗೆ ಮೊದಲ ಆರು ವಾರದಲ್ಲಿ ಹೆಚ್ಚಿನ ತೊಂದರೆ ಕಾಣಲಿಲ್ಲ. ಹಾಗಾಗಿ ಇದನ್ನು ವಿಷ ಅಂತ ಹೆದರಿಸುವುದು ಸರಿಯಲ್ಲ. ಅಪಾಯ ಅಪರೂಪ. ಆದರೆ ಅಪರೂಪದ ಅಪಾಯವನ್ನಾದರೂ ಯಾಕೆ ತೆಗೆದುಕೊಳ್ಳಬೇಕು, ಬದಲಿಗೆ ಏನಾದರೂ ಸಿಗುತ್ತದೆಯಾ ಅನ್ನುವುದು ಪ್ರಶ್ನೆ.

ಕಬ್ಬಿಣಾಂಶದ ಲೆಕ್ಕ ಹಾಕೋಣ. ಲಾಸ್ ವೇಗಸ್‌ನಲ್ಲಿ ಯಂಗ್ ಮತ್ತು ಬೆನಿಶೆಕ್ ತಂಡವೇ 23 ಬಾಣಂತಿಯರ ಮೇಲೆ ಒಂದು ಪ್ರಯೋಗ ಮಾಡಿತು. ಕೆಲವರಿಗೆ ಅವರದೇ ಮಾಸಿನ ಮಾತ್ರೆ, ಉಳಿದವರಿಗೆ ದನದ ಮಾಂಸದ ಪುಡಿಯ ಮಾತ್ರೆ. ಯಾರಿಗೆ ಯಾವುದು ಅಂತ ಅವರಿಗೆ ಹೇಳಿರಲಿಲ್ಲ. ರಕ್ತದ ಕಬ್ಬಿಣಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ದಿನದ ಪೂರ್ತಿ ಮಾತ್ರೆ ನುಂಗಿದರೂ ಸಿಗುವುದು ಎರಡು ಮಿಲಿಗ್ರಾಂ ಚಿಲ್ಲರೆ ಕಬ್ಬಿಣ. ನಮ್ಮ ಆಶಾ ಕಾರ್ಯಕರ್ತೆ ಬಾಣಂತಿಯ ಮನೆ ಬಾಗಿಲಿಗೆ ತಂದುಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಇದೆ. ದುಡ್ಡಿಲ್ಲ. ಬಸಿರಿನಲ್ಲಿ 180 ದಿನ, ಹೆರಿಗೆಯಾದ ಮೇಲೆ ಇನ್ನೂ 180 ದಿನ ತೆಗೆದುಕೊಳ್ಳಬೇಕು. ಹೆಚ್ಚಿನವರು ಹೆರಿಗೆಯಾದ ಕೂಡಲೇ ನಿಲ್ಲಿಸಿಬಿಡುತ್ತಾರೆ. ಮಲಬದ್ಧತೆ ಅಂತಲೋ, ಮಗು ಹುಟ್ಟಿತಲ್ಲ ಇನ್ಯಾಕೆ ಅಂತಲೋ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಜನಕ್ಕೆ ರಕ್ತಹೀನತೆ ಇತ್ತು. ದಯವಿಟ್ಟು ಆ ಕೆಂಪು ಮಾತ್ರೆ ನಿಲ್ಲಿಸಬೇಡಿ.

ಮನಸ್ಸಿನ ವಿಷಯ ಸ್ವಲ್ಪ ಸೂಕ್ಷ್ಮ. ಇಲ್ಲಿ ಮಾತ್ರೆಯ ಪರ ಇರುವವರ ಯೋಚನೆಯಲ್ಲಿ ಒಂದು ಎಳೆ ಹುರುಳಿದೆ. ಬಸಿರಿನಲ್ಲಿ ಪ್ರೊಜೆಸ್ಟರಾನ್‌ನಿಂದ ಅಲೋಪ್ರೆಗ್ನನೊಲೋನ್ ಅನ್ನುವ ಒಂದು ರಾಸಾಯನಿಕ ಮೆದುಳಿಗೆ ಸಿಗುತ್ತಿರುತ್ತದೆ, ಮನಸ್ಸನ್ನು ತಣ್ಣಗಿಡುತ್ತದೆ. ಮಾಸು ಬಿದ್ದ ಮೇಲೆ ಅದೂ ಕುಸಿಯುತ್ತದೆ. ಆ ಕುಸಿತಕ್ಕೂ ಬಾಣಂತಿಯ ಖಿನ್ನತೆಗೂ ನಂಟಿದೆ ಅನ್ನುವ ಜಾಡನ್ನೇ ವೈದ್ಯವಿಜ್ಞಾನವೂ ಹಿಡಿದು ಹೋಯಿತು. 2019ರಲ್ಲಿ ಬ್ರೆಕ್ಸನೊಲೋನ್, 2023ರಲ್ಲಿ ಜುರಾನೊಲೋನ್ ಅನ್ನುವ ಔಷಧಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎರಡೂ ಅದೇ ರಾಸಾಯನಿಕದ ದಾರಿಯವು. ಆದರೆ ಅವುಗಳ ಡೋಸ್ ಅಳೆದದ್ದು, ನೂರಾರು ಹೆಂಗಸರಲ್ಲಿ ಪರೀಕ್ಷೆ ಆದದ್ದು, ಅಡ್ಡ ಪರಿಣಾಮ ಬರೆದಿಟ್ಟದ್ದು. ಮಾಸಿನ ಪುಡಿಯಲ್ಲಿ ಎಷ್ಟು ಹಾರ್ಮೋನು ಉಳಿದಿದೆ ಅನ್ನುವುದು ಒಬ್ಬೊಬ್ಬರ ಮಾತ್ರೆಯಲ್ಲಿ ಒಂದೊಂದು ತರಹ. ಅದೇ ಲಾಸ್ ವೇಗಸ್ ತಂಡ 27 ಬಾಣಂತಿಯರನ್ನಿಟ್ಟುಕೊಂಡು ಮಾಡಿದ ಹೋಲಿಕೆಯಲ್ಲಿ ಮನಸ್ಥಿತಿ, ಸುಸ್ತು, ಮಗುವಿನ ಮೇಲಿನ ಅಕ್ಕರೆ ಯಾವುದರಲ್ಲೂ ಗಟ್ಟಿಯಾದ ವ್ಯತ್ಯಾಸ ಸಿಗಲಿಲ್ಲ. ಚಿಕ್ಕ ಅಧ್ಯಯನ, ಒಪ್ಪುತ್ತೇನೆ. ಆದರೆ ಎದುರಿಗೆ ಇಡುವುದಕ್ಕೆ ಮಾತ್ರೆಯ ಪರ ಇರುವವರ ಹತ್ತಿರ ಇದಕ್ಕಿಂತ ಗಟ್ಟಿಯಾದದ್ದಿಲ್ಲ.

ಹಾಗಿದ್ದರೂ ತೆಗೆದುಕೊಂಡವರಲ್ಲಿ ಬಹುಪಾಲು ಜನ ‘ನನಗೆ ಒಳ್ಳೆಯದಾಯಿತು’ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಅವರ ದಿನಗಳನ್ನು ಸ್ವಲ್ಪ ಯೋಚಿಸಿ. ಅಮೆರಿಕದಲ್ಲಿ ಸಹಜ ಹೆರಿಗೆಯಾದರೆ ಎರಡು ದಿನಕ್ಕೆ ಮನೆಗೆ ಕಳಿಸುತ್ತಾರೆ. ದೇಶಕ್ಕೆಲ್ಲ ಅನ್ವಯಿಸುವ ಸಂಬಳದ ಹೆರಿಗೆ ರಜೆಯ ಕಾನೂನು ಅಲ್ಲಿಲ್ಲ. ಗಂಡ ವಾರದೊಳಗೆ ಕೆಲಸಕ್ಕೆ ಹೋಗಿಬಿಡಬಹುದು. ಅಮ್ಮನಿಗೆ ವೀಸಾ ಸಿಕ್ಕಿಲ್ಲ. ಹೊರಗೆ ಹಿಮ. ಅಂಥ ಮನೆಗೆ ಈ ಮಾತ್ರೆ ಮಾಡಿಕೊಡುವ ಒಬ್ಬ ಹೆಂಗಸು ಬರುತ್ತಾಳೆ, ಪಕ್ಕದಲ್ಲಿ ಕೂರುತ್ತಾಳೆ, ‘ಹೇಗಿದ್ದೀಯಾ, ನಿದ್ದೆ ಬಂತಾ’ ಅಂತ ಕೇಳುತ್ತಾಳೆ, ನಿನಗೋಸ್ಕರ ಅಂತ ಒಂದು ಬಾಟಲಿ ಕೈಗೆ ಕೊಡುತ್ತಾಳೆ. ಆ ವಾರದಲ್ಲಿ ಮಗುವನ್ನು ಬಿಟ್ಟು ತಾಯಿಯನ್ನು ವಿಚಾರಿಸಿದವಳು ಅವಳೊಬ್ಬಳೇ ಇರಬಹುದು. ಒಳ್ಳೆಯದಾಗದೆ ಇರುತ್ತದೆಯೇ?

ಅದಕ್ಕೇ ನಾನು ಆಗಲೇ ಹೇಳಿದ್ದು, ಯಾಕೆ ಕೇಳುತ್ತಾಳೆ ಅನ್ನುವುದನ್ನು ನೋಡಿ ಅಂತ. ಆ ಹುಡುಗಿಗೆ ಬೇಕಾಗಿರುವುದು ಬಾಣಂತನ. ಎಣ್ಣೆ ಹಚ್ಚಿ ಬಿಸಿ ನೀರು ಹಾಕುವ ಕೈ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಉತ್ತರ ಕರ್ನಾಟಕದವರಾದರೆ ಅಂಟಿನುಂಡಿ, ಅಳವಿ ಪಾಯಸ, ಮಗುವನ್ನು ಎತ್ತಿಕೊಂಡು ‘ನೀನು ಎರಡು ಗಂಟೆ ಮಲಕೋ’ ಅನ್ನುವವರು. ಇದರಲ್ಲಿ ಹೆಚ್ಚು ಕೆಲಸ ಮಾಡುವುದು ಅಂಟಿನುಂಡಿಗಿಂತ ಆ ಎರಡು ಗಂಟೆಯ ನಿದ್ದೆ ಅಂತ ನನ್ನ ಅಭಿಪ್ರಾಯ.

ನಮ್ಮ ಬಾಣಂತನವೆಲ್ಲ ಚೆನ್ನ ಅಂತಲೂ ಹೇಳಲಾರೆ. ನೀರು ಕುಡಿಯಬೇಡ ಅನ್ನುತ್ತಾರೆ, ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕುತ್ತಾರೆ, ಹೆಣ್ಣು ಹುಟ್ಟಿತು ಅಂತ ಮುಖ ತಿರುಗಿಸುತ್ತಾರೆ. ಮನೆ ತುಂಬ ಜನ ಇದ್ದೂ ಒಂಟಿಯಾದ ಬಾಣಂತಿಯರನ್ನು ನಾನು ವಾರ್ಡಿನಲ್ಲಿ ನೋಡುತ್ತಲೇ ಇದ್ದೇನೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ, ನೂರು ಬಾಣಂತಿಯರಲ್ಲಿ 22 ಜನಕ್ಕೆ ಖಿನ್ನತೆ ಇರುತ್ತದೆ ಅಂತ ಅಂದಾಜು ಮಾಡಿದೆ. ನಮ್ಮಲ್ಲಿ ಅದಕ್ಕೆ ‘ಸೋಮಾರಿತನ’, ‘ದೃಷ್ಟಿಯಾಗಿದೆ’ ಅಂತೆಲ್ಲ ಹೆಸರಿಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಎಷ್ಟು ಜನಕ್ಕೆ ಗೊತ್ತು?

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು, ‘ನಮ್ಮಲ್ಲೂ ಮಾಸಿನಿಂದ ಔಷಧ ಮಾಡುತ್ತಾರಲ್ಲ, ಅದು ಸರಿಯಾದರೆ ಇದೇಕೆ ತಪ್ಪು?’ ಒಳ್ಳೆಯ ಪ್ರಶ್ನೆ. ಮಾಸಿನ ಸಾರದ ಔಷಧ ಇದೆ. ಆದರೆ 2011ರಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಎರಡಕ್ಕೆ ಮಾತ್ರ ಸೀಮಿತ ಮಾಡಿತು. ಗಾಯದ ಮೇಲೆ ಹಚ್ಚುವುದಕ್ಕೆ, ಮತ್ತು ಕಿಬ್ಬೊಟ್ಟೆಯ ಸೋಂಕಿಗೆ ಇಂಜೆಕ್ಷನ್ ಆಗಿ. ಕಾರ್ಖಾನೆಯಲ್ಲಿ ಶುದ್ಧ ಮಾಡಿ ಕೊಡುವುದಕ್ಕೇ ಇಷ್ಟು ಲಗಾಮು ಇರುವಾಗ, ಯಾರದೋ ಅಡುಗೆಮನೆಯಲ್ಲಿ ಒಣಗಿಸಿದ್ದನ್ನು ಬಾಣಂತಿಗೆ ಕೊಡಿ ಅಂತ ನಾನು ಹೇಗೆ ಹೇಳಲಿ?

ಇನ್ನೊಬ್ಬ ತಾಯಿ ಕೇಳಿದ್ದು, ‘ಮಗಳು ಬಾಸ್ಟನ್‌ನಲ್ಲಿದ್ದಾಳೆ, ಎಂಟು ತಿಂಗಳ ಬಸುರಿ, ನನಗೆ ಹೋಗುವುದಕ್ಕೆ ಆಗುತ್ತಿಲ್ಲ. ಅವಳು ಇದಕ್ಕೆ ದುಡ್ಡು ಕಟ್ಟುತ್ತೇನೆ ಅನ್ನುತ್ತಿದ್ದಾಳೆ. ಏನು ಹೇಳಲಿ?’

ಅಮ್ಮ, ಬೈಯಬೇಡಿ. ಆ ದುಡ್ಡನ್ನು ಬೇರೆ ಕಡೆ ತಿರುಗಿಸಲು ಹೇಳಿ. ಮೊದಲ ಎರಡು ವಾರ ಅಡುಗೆ ಮಾಡಿ ಕೊಡುವವರನ್ನೋ, ರಾತ್ರಿ ಒಂದು ಹೊತ್ತು ಮಗುವನ್ನು ನೋಡಿಕೊಳ್ಳುವವರನ್ನೋ ಈಗಲೇ ಗೊತ್ತು ಮಾಡಿಕೊಳ್ಳಲಿ. ಹತ್ತಿರದ ಕನ್ನಡದವರಿಗೆ ಸಂಕೋಚ ಬಿಟ್ಟು ಒಂದು ಮಾತು ಹೇಳಿಡಿ, ನಮ್ಮವರು ಸಾರು ಅನ್ನ ತಂದುಕೊಡುತ್ತಾರೆ. ಹಾಲಿಗೆ ತೊಂದರೆಯಾದರೆ ಮಗು ಎದೆ ಕಚ್ಚುವ ರೀತಿಯನ್ನು ನೋಡಿ ಸರಿಮಾಡುವ ಸಲಹೆಗಾರರು ಅಲ್ಲಿನ ಆಸ್ಪತ್ರೆಗಳಲ್ಲೇ ಇರುತ್ತಾರೆ. ಮೊದಲು ಅವರನ್ನು ಕಾಣಲಿ. ದಿನಾ ವಿಡಿಯೋ ಕಾಲ್ ಮಾಡಿದಾಗ ಮಗುವನ್ನು ತೋರಿಸು ಅನ್ನುವುದಕ್ಕೆ ಮುಂಚೆ ಅವಳ ಮುಖ ನೋಡಿ. ಹೆರಿಗೆಯಾದ ಮೂರನೇ ನಾಲ್ಕನೇ ದಿನ ಸುಮ್ನೆ ಅಳು ಬರುವುದು ಸಹಜ, ಎರಡು ವಾರದೊಳಗೆ ಅದು ಇಳಿಯುತ್ತದೆ. ಎರಡು ವಾರ ದಾಟಿಯೂ ಇಳಿಯದಿದ್ದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬರದಿದ್ದರೆ, ಡಾಕ್ಟರಿಗೆ ತೋರಿಸಬೇಕು. ಮಗುವಿಗೋ ತನಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಎರಡು ವಾರ ಕಾಯುವುದಿಲ್ಲ, ಅವತ್ತೇ ತೋರಿಸಬೇಕು. ಅಮೆರಿಕದಲ್ಲಿ ತಾಯಂದಿರಿಗೆ ಅಂತಲೇ ಹಗಲು ರಾತ್ರಿ ಸಿಗುವ ಸಹಾಯವಾಣಿ ಇದೆ, 1-833-852-6262. ಇಲ್ಲಿರುವವರಿಗೆ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಎರಡನ್ನೂ ಫೋನಿನಲ್ಲಿ ಈಗಲೇ ಹಾಕಿಕೊಳ್ಳಿ, ನಾನು ಕಾಯುತ್ತೇನೆ.